ಟಗರುಕೊಂಬಿನ ಹ್ಯಾಂಡಲು, ಜೋಮು ಹಿಡಿದ ಕಿರುಬೆರಳು

ಹಾಲಿಗೆ ನೀರು ಬೆರೆಸಿದವರನ್ನು ‘ನೀರು ಬೆರೆಸಿದ್ದೀಯಾ?’ ಎಂದು ಕೇಳಬಾರದು. ಕೇಳಿದರೆ ಮನೆದೇವರ ಮೇಲೆ ಆಣೆ ಇಟ್ಟುಬಿಡುತ್ತಾರೆ, ಆ ಆಣೆಯ ಪಾಪಕ್ಕೆ ಆಮೇಲೆ ನಾವೂ ಪಾಲುದಾರರು. ಪಕ್ಕದಿಂದ ಕೇಳಬೇಕು. ಹಸು ಕರು ಹಾಕಿ ಎಷ್ಟು ದಿನವಾಯಿತು? ಬೆಳಗ್ಗೆ ಕರೆದವರು ಯಾರು? ಬಿಂದಿಗೆ ತೊಳೆದದ್ದು ಎಲ್ಲಿ? ಸುಳ್ಳು ಹೇಳುವವರು ನೇರ ಪ್ರಶ್ನೆಗೆ ಉತ್ತರ ಕಟ್ಟಿಕೊಂಡು ಬಂದಿರುತ್ತಾರೆ, ಪಕ್ಕದ ಪ್ರಶ್ನೆಗೆ ಕಟ್ಟಿಕೊಂಡು ಬಂದಿರುವುದಿಲ್ಲ. ಇದನ್ನು ನನಗೆ ಕಲಿಸಿದ್ದು ನನ್ನನ್ನು ಸಾಕಿದ ಅಜ್ಜಿ. ಕಲಿಸಿದ್ದು ಹಾಲಿಗಲ್ಲ, ನಾನು ಬೆಲ್ಲ ಕದ್ದು ತಿಂದಾಗ. ‘ಬೆಲ್ಲ ತಿಂದ್ಯೇನ್ಲಾ’ ಎಂದು ಆಕೆ ಯಾವತ್ತೂ ಕೇಳಿದವಳಲ್ಲ. ‘ಬೆಲ್ಲದ ಮಡಕೇಲಿ ಇರುವೆ ಅವೇನ್ಲಾ ಮಗ?’ ಅನ್ನುತ್ತಿದ್ದಳು. ‘ಒಂದೂ ಇಲ್ಲ ಕಣಜ್ಜಿ’ ಎಂದು ಹೇಳಿ ನಾನು ಸಿಕ್ಕಿಬೀಳುತ್ತಿದ್ದೆ.

ಆ ವಿದ್ಯೆಯೇ ಮುಂದೆ ನನಗೆ ಅನ್ನ ಹಾಕಿತು. ತೊಂಬತ್ತರ ದಶಕದಲ್ಲಿ ನಾನು ಹಳ್ಳಿ ಡೇರಿಗಳಲ್ಲಿ ಹಾಲಿನ ಚೆಕಿಂಗ್ ಮಾಡುತ್ತಿದ್ದೆ. ಊರು ಚಿನಕುರಳಿ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸುತ್ತಿನ ಡೇರಿಗಳಿಗೆ ಹೇಳದೆ ಕೇಳದೆ ಹೋಗಿ ನಿಲ್ಲುವುದು, ಜನ ತಂದು ಸುರಿದ ಹಾಲಿಗೆ ಗಾಜಿನ ಕಡ್ಡಿ ಇಳಿಬಿಟ್ಟು ಅಳೆದು ನೋಡುವುದು, ಅನುಮಾನ ಬಂದದ್ದನ್ನು ಸೀಸೆಗೆ ತುಂಬಿಕೊಂಡು ಬರುವುದು. ಬಸ್ಸಿನಲ್ಲಿ ಹೋದರೆ ನನಗಿಂತ ಮೊದಲು ಸುದ್ದಿ ಇಳಿದಿರುತ್ತಿತ್ತು. ಆದ್ದರಿಂದ ಸೈಕಲ್ಲು. ನನಗೆ ಜನರ ಮೇಲೆ ಅನುಮಾನ, ಜನಕ್ಕೆ ನನ್ನ ಮೇಲೆ ಅನುಮಾನ. ‘ಇವನ ಗಾಜಿನ ಕಡ್ಡೀನೇ ಸುಳ್ಳು ಕಣ್ಲಾ’ ಎಂದು ಎಷ್ಟೋ ಊರಿನಲ್ಲಿ ನನ್ನ ಎದುರಿಗೇ ಹೇಳಿದ್ದಾರೆ. ಹೀಗೆ ಅನುಮಾನವನ್ನೇ ಉಂಡು ಉಟ್ಟು ಬದುಕಿದವನಿಗೆ ಕೊನೆಗೆ ತನ್ನ ಕೈಯ ಮೇಲೇ ಅನುಮಾನ ಬಂದದ್ದು ಹೇಗೆ ಎಂಬುದು ಈ ಕತೆ. ಕೈಗೆ ಜೋಮು ಹಿಡಿದು, ಯಾರಿಗೂ ಹೇಳಲಾರದೆ, ಟವೆಲ್ಲಿನಲ್ಲಿ ಕೈ ಮುಚ್ಚಿಕೊಂಡು ತಿರುಗುತ್ತಿರುವವರು ಈಗಲೂ ಎಲ್ಲೋ ಇದ್ದಾರು. ಅವರ ಪಕ್ಕ ಕೂತು ಹೇಳಿದ ಹಾಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಹ್ಯಾಂಡಲಿನ ವಿಷಯ ಹೇಳಬೇಕು. ನಾಲೆ ಏರಿಯ ಮೇಲೆ ಎದುರು ಗಾಳಿಗೆ ಸಾದಾ ಸೈಕಲ್ ತುಳಿದು ಎದೆ ಬಿರಿಯುತ್ತಿತ್ತು. ಬಗ್ಗಿ ಹಿಡಿಯುವ ರೇಸಿನ ಹ್ಯಾಂಡಲು ಹಾಕಿಸಿದರೆ ಗಾಳಿ ತಲೆಯ ಮೇಲೆ ಹೋಗುತ್ತದೆ ಎಂದು ಯಾರೋ ಹೇಳಿದರು. ನಮ್ಮ ಕಡೆ ಅದಕ್ಕೆ ಟಗರುಕೊಂಬು ಎಂದೇ ಹೆಸರು. ಎರಡು ಕಡೆಯೂ ಮುಂದಕ್ಕೆ ಚಾಚಿ, ಕೆಳಗಿಳಿದು, ಸುರುಳಿಯಾಗಿ ಹಿಂದಕ್ಕೆ ಬರುತ್ತದೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ, ನಿಮಿಷಾಂಬ ಗುಡಿಗೆ ಹೋಗುವ ದಾರಿಯಲ್ಲಿ, ರಹಮತ್ ಸಾಬರ ಸೈಕಲ್ ಶಾಪು ಇತ್ತು. ಅವರಲ್ಲಿ ಅಂಥವು ಮೂರು ಮೊಳೆಗೆ ನೇತಾಡುತ್ತಿದ್ದವು.

ಸಾಬರು ಒಂದನ್ನು ತೆಗೆದು ನನ್ನ ಎದೆಗೆ ಅಡ್ಡ ಹಿಡಿದು ಅಳೆದರು. ದರ್ಜಿ ಅಂಗಿಗೆ ಅಳೆದ ಹಾಗೆ. “ಭುಜ ಎಷ್ಟೋ ಹ್ಯಾಂಡ್ಲು ಅಷ್ಟಿರ್ಬೇಕು ಶಿವಣ್ಣ. ಇದ್ ತಗೋ. ಅಗಲ ಅದೆ, ಕೊಂಬು ಜಾಸ್ತಿ ಕೆಳಗ್ ಇಳ್ದಿಲ್ಲ. ಕೈಗೆ ಆರಾಮ್.”

ನಾನು ನೋಡಿದೆ. ತುಕ್ಕು ಹಿಡಿದಿತ್ತು. “ಎಷ್ಟ್ ವರ್ಷದಿಂದ ನೇತಾಕಿದ್ದೀರಿ ಸಾಬ್ರೇ ಇದನ್ನ?” ಎಂದೆ, ಪಕ್ಕದ ಪ್ರಶ್ನೆ.

“ಆಗಿರ್ಬೇಕು ನಾಕೈದು ವರ್ಷ.”

ಆಹಾ, ಸಿಕ್ಕಿಬಿದ್ದರು ಅಂದುಕೊಂಡೆ. ಮಾರದೆ ಉಳಿದ ಮಾಲನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆ. “ನಂಗೆ ಆ ಹೊಳೆಯೋದ್ ಕೊಡಿ” ಎಂದು ತೋರಿಸಿದೆ. ಅದು ಕಿರಿದು, ಕೊಂಬು ಆಳಕ್ಕಿಳಿದದ್ದು.

“ಅರೆ, ಅದು ಬಡಕಲು ಹುಡುಗ್ರುದು ಭಾಯ್. ನಿಂದು ಎತ್ತಿನ್ ಭುಜ. ತುಕ್ಕು ಉಜ್ಜುದ್ರೆ ಹೋಯ್ತದೆ, ನೋವು ಉಜ್ಜುದ್ರೆ ಹೋಗಲ್ಲ.”

“ನೋವು ನಂದಲ್ವಾ ಸಾಬ್ರೇ, ನೀವ್ ಹಾಕಿ” ಎಂದೆ. ಅವರು ನಕ್ಕು ಹಾಕಿದರು. ಬಿಳಿ ಬಟ್ಟೆಪಟ್ಟಿ ಸುತ್ತಿ ಕೊಟ್ಟರು. ನಾನು ಮೋಸಹೋಗದೆ ಬಂದೆನೆಂಬ ಹೆಮ್ಮೆಯಲ್ಲಿ ಪಾಂಡವಪುರದವರೆಗೂ ಸಿಳ್ಳೆ ಹಾಕಿಕೊಂಡು ಬಂದೆ.

ಹಾಲಿನ ಸೀಸೆಗಳದ್ದು ಒಂದು ಕಷ್ಟ. ಕ್ಯಾರಿಯರ್ ಮೇಲೆ ಕಟ್ಟಿದರೆ ನಮ್ಮ ರಸ್ತೆಯ ಕುಲುಕಾಟಕ್ಕೆ ಹಾಲು ಕಡೆದು ಬೆಣ್ಣೆ ಮೇಲಕ್ಕೆ ಬಂದುಬಿಡುತ್ತಿತ್ತು. ಬೆಣ್ಣೆ ಕಟ್ಟಿದ ಹಾಲಿನ ಲೆಕ್ಕ ಸುಳ್ಳಾಗುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ಸೀಸೆಯ ಚೀಲವನ್ನು ಹ್ಯಾಂಡಲಿಗೇ ನೇತುಹಾಕು, ತೂಗಾಡಿದರೂ ಕುಲುಕುವುದಿಲ್ಲ ಎಂದಿದ್ದರು. ಹಾಗೆ ಎಡಗಡೆಯ ಕೊಂಬಿಗೆ ಚೀಲ ನೇತುಬಿತ್ತು. ಅದು ಚಕ್ರಕ್ಕೆ ಬಡಿಯದಂತೆ ಎಡಗೈ ಚೀಲವನ್ನು ಹಿಡಿದುಕೊಂಡೇ ಇರಬೇಕಿತ್ತು, ಕಂಕುಳಲ್ಲಿ ಮಗುವನ್ನು ಹಿಡಿದ ಹಾಗೆ. ಇನ್ನುಳಿದದ್ದು ಬಲಗೈ ಒಂದು. ಆ ತಗ್ಗಿನ ಹ್ಯಾಂಡಲಿನ ಮೇಲೆ ಮುಂದಕ್ಕೆ ಬಾಗಿದ ನನ್ನ ಮೈಭಾರವೆಲ್ಲ ಬಲ ಅಂಗೈಯ ಬುಡದಲ್ಲಿ, ಕಿರುಬೆರಳಿನ ನೇರಕ್ಕೆ, ಹೆಬ್ಬೆಟ್ಟಿನಷ್ಟು ಜಾಗದಲ್ಲಿ ಕೂತಿತು. ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಇದು ನನಗೆ ಹೊಳೆಯಲೇ ಇಲ್ಲ.

ಮೂರು ನಾಲ್ಕು ತಿಂಗಳಿಗೆ ಕಿರುಬೆರಳಿಗೆ ಜೋಮು ಹಿಡಿಯತೊಡಗಿತು. ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಹೋಗದಾಯಿತು. ಪಕ್ಕದ ಉಂಗುರಬೆರಳಿಗೂ ಅರ್ಧಕ್ಕೆ ಬಂತು. ಅಂಗಿಯ ಗುಂಡಿ ಹಾಕುವಾಗ ಬೆರಳು ಮಾತು ಕೇಳುತ್ತಿರಲಿಲ್ಲ. ಕಿರುಬೆರಳು ತಾನೇ ತಾನಾಗಿ ಒಳಕ್ಕೆ ಮಡಿಸಿಕೊಳ್ಳತೊಡಗಿತು.

ಕೆ.ಆರ್. ಪೇಟೆ ಕಡೆಯ ಒಂದು ಡೇರಿಯಲ್ಲಿ ಬೆಳಗಿನ ಹಾಲು ಮುಗಿದ ಮೇಲೆ ಟೀ ತಂದುಕೊಟ್ಟರು. ಗಾಜಿನ ಲೋಟ, ಕುದಿಯುವ ಟೀ. ಕುಡಿದು ಲೋಟ ಇಟ್ಟೆ. ಡೇರಿಯ ಸೆಕ್ರೆಟರಿ ನಿಂಗಣ್ಣ ನನ್ನ ಕೈ ನೋಡುತ್ತ ನಿಂತಿದ್ದ.

“ಲೇ ಶಿವಣ್ಣ, ಬೆರಳು ಸುಟ್ಟದಲ್ಲೋ.”

ನೋಡಿದೆ. ಕಿರುಬೆರಳಿನ ಒಳಬದಿಗೆ ನೀರಿನ ಬೊಬ್ಬೆ ಎದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

“ನಿಂಗೆ ಸುಡ್ನಿಲ್ವಾ?”

“ಸುಡ್ತು ಬುಡು, ಏನ್ಮಾಡದು” ಎಂದೆ. ಎಂದದ್ದು ತಡವಾಗಿತ್ತು. ನಿಂಗಣ್ಣನ ಕಣ್ಣು ನನ್ನ ಬೆರಳಿನಿಂದ ಹಾಲಿನ ಕ್ಯಾನಿಗೆ, ಕ್ಯಾನಿನಿಂದ ಗೋಡೆಗೆ ಹೋಯಿತು. ಗೋಡೆಯ ಮೇಲೆ ಸರ್ಕಾರದವರು ನೀಲಿ ಬಣ್ಣದಲ್ಲಿ ಬರೆಸಿದ್ದರು. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ, ಕೈಕಾಲು ಜೋಮು ಹಿಡಿದರೆ ಕುಷ್ಠ ಇರಬಹುದು, ಹತ್ತಿರದ ಆಸ್ಪತ್ರೆಗೆ ಹೋಗಿ, ಔಷಧಿಯಿಂದ ಗುಣವಾಗುತ್ತದೆ ಎಂದು. ಗುಣವಾಗುತ್ತದೆ ಎಂಬ ಕೊನೆಯ ಸಾಲನ್ನು ಯಾರೂ ಓದುತ್ತಿರಲಿಲ್ಲ. ನಾನೂ ಓದಲಿಲ್ಲ.

ಮುಂದಿನ ವಾರ ಆ ಡೇರಿಗೆ ಹೋದಾಗ ನನ್ನ ಕೈಗೆ ಯಾರೂ ಹಾಲಿನ ಪಾತ್ರೆ ಕೊಡಲಿಲ್ಲ. ನೆಲದ ಮೇಲೆ ಇಟ್ಟು ಹಿಂದಕ್ಕೆ ಸರಿದರು. ಟೀ ಬಂತು, ಸ್ಟೀಲ್ ಲೋಟದಲ್ಲಿ ಅಲ್ಲ, ಗಾಜಿನದ್ದರಲ್ಲೂ ಅಲ್ಲ, ತೆಂಗಿನ ಚಿಪ್ಪಿನಲ್ಲಿ. “ಲೋಟ ಎಲ್ಲಾ ತೊಳ್ಯಕ್ ಹಾಕವ್ರೆ” ಎಂದ ನಿಂಗಣ್ಣ. ಮಾತು ಪಕ್ಕದ್ದು. ನನ್ನ ವಿದ್ಯೆಯನ್ನೇ ನನಗೆ ತಿರುಗಿಸಿದ್ದ. ಹೊರಡುವಾಗ ಸೈಕಲ್ ಹತ್ತಿರ ಬಂದು ನೆಲ ನೋಡುತ್ತ ಹೇಳಿದ: “ತಪ್ ತಿಳ್ಕಬ್ಯಾಡ ಕಣ್ಲಾ. ಯಾವ್ದಾರ ಡಾಕ್ಟ್ರತ್ರ ಒಂದ್ ಚೀಟಿ ಬರುಸ್ಕಂಬಾ. ಅಲ್ಲೀಗಂಟ ಈ ಕಡೆ ಬರ್ಬ್ಯಾಡ. ಹಾಲು ನೋಡು, ಮಕ್ಳು ಮರಿ ಕುಡಿಯಾದು.”

ಕೋಪ ಬರಬೇಕಿತ್ತು. ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಒಂದು ವಾರ ಮೊದಲೇ ಹೇಳಿರುತ್ತಿದ್ದೆ.

ಮನೆಯಲ್ಲಿ ನಾನು ನನ್ನನ್ನೇ ಚೆಕಿಂಗ್ ಮಾಡತೊಡಗಿದೆ. ಹಿತ್ತಲಿನಲ್ಲಿ ನಿಂತು ಪಿನ್ನಿನಿಂದ ಬೆರಳು ಚುಚ್ಚಿಕೊಂಡೆ. ರಕ್ತ ಬಂತು, ನೋವು ಬರಲಿಲ್ಲ. ಬಚ್ಚಲಿನಲ್ಲಿ ಕನ್ನಡಿ ಹಿಡಿದು ಬೆನ್ನು ನೋಡಿಕೊಂಡೆ, ಮಚ್ಚೆ ಇದೆಯಾ ಎಂದು. ಒಂದು ದಿನ ಇದ್ದ ಹಾಗೆ ಕಾಣುತ್ತಿತ್ತು, ಇನ್ನೊಂದು ದಿನ ಇಲ್ಲ. ದೊಡ್ಡ ರೋಗ ಎಂದು ನಮ್ಮವರು ಹೆಸರು ಹೇಳದೆ ಹೇಳುವ ಆ ಕಾಯಿಲೆ ಬಂದವರನ್ನು ಹಿಂದೆ ಊರಾಚೆ ಗುಡಿಸಲಲ್ಲಿ ಇಡುತ್ತಿದ್ದುದನ್ನು ಅಜ್ಜಿ ಹೇಳಿದ್ದಳು. ಎರಡು ವರ್ಷದ ನನ್ನ ಮಗಳು ಮಂಜಿ ಸೈಕಲ್ಲಿನ ಬೆಲ್ಲು ಕೇಳಿದರೆ ಸಾಕು, ಹೊಸಲು ದಾಟಿ ಕೈ ಚಾಚಿಕೊಂಡು ಓಡಿಬರುತ್ತಿದ್ದಳು. ನಾನು ಬೆಲ್ಲು ಹೊಡೆಯುವುದನ್ನು ಬಿಟ್ಟೆ.

ಪಾಂಡವಪುರದ ಆಸ್ಪತ್ರೆಗೆ ಹೋದರೆ ಗುರುತಿನವರು ಸಿಗುತ್ತಾರೆ. ಅದಕ್ಕೇ ಮನೆಯಲ್ಲಿ ಡೇರಿ ಕೆಲಸವಿದೆ ಎಂದು ಹೇಳಿ ಬಸ್ಸು ಹತ್ತಿ ನಾಗಮಂಗಲಕ್ಕೆ ಹೋದೆ. ಚರ್ಮದ ಡಾಕ್ಟರಮ್ಮ ಒಬ್ಬರು ವಾರಕ್ಕೊಂದು ದಿನ ಅಲ್ಲಿ ನೋಡುತ್ತಾರೆ ಎಂದು ಕೇಳಿದ್ದೆ. ಓಣಿಯ ಕೊನೆಯಲ್ಲಿ ಒಂದು ಮರದ ಬೆಂಚು. ಮುಂದಿನ ಬೆಂಚುಗಳಲ್ಲಿ ಜನ ಒತ್ತಿಕೊಂಡು ಕೂತಿದ್ದರೂ ಇದರಲ್ಲಿ ಜಾಗವಿತ್ತು. ಯಾಕೆಂದು ಗೊತ್ತಾಯಿತು. ಒಬ್ಬಳು ಮುದುಕಿ ಕೂತಿದ್ದಳು. ಎಡಗೈಯ ಬೆರಳುಗಳು ಅರ್ಧಕ್ಕೆ ಮೊಟಕಾಗಿದ್ದವು. ಕಾಲಲ್ಲಿ ಕಪ್ಪು ರಬ್ಬರಿನ ಮೆತ್ತನೆ ಚಪ್ಪಲಿ. ನಾನು ತಲೆಗೆ ಟವೆಲ್ಲು ಎಳೆದುಕೊಂಡು ಬೆಂಚಿನ ಈ ತುದಿಗೆ, ಅರ್ಧ ಕುಂಡೆ ಗಾಳಿಯಲ್ಲಿಟ್ಟು ಕೂತೆ.

“ಯಾವೂರಪ್ಪ?”

“ಮೈಸೂರ್ ಕಡೆ.”

“ಮೈಸೂರ್ ಕಡೆಯೋರ್ಗೆ ಮೈಸೂರಲ್ಲಿ ಆಸ್ಪತ್ರೆ ಇಲ್ವಾ?”

ನಾನು ಟವೆಲ್ಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಆಕೆ ಬಗ್ಗಿ ಟವೆಲ್ಲಿನೊಳಕ್ಕೆ ಇಣುಕಿದಳು. “ನೀನು ಹಾಲ್ ಚೆಕಿಂಗ್ನೋನಲ್ವಾ? ಟಗರ್‌ಕೊಂಬಿನ್ ಸೈಕಲ್ಲು? ಹೊಣಕೆರೆ ತಾವ ನಮ್ಮೂರ್ ಡೇರೀಲಿ ನಮ್ ಸೊಸೆ ಹಾಲ ವಾಪಸ್ ಕಳ್ಸಿದ್ದೆ. ಅವ್ಳು ಮೂರ್ ದಿನ ನಿನ್ ವಂಶಾನೆಲ್ಲ ಬೈದ್ಲು.”

“ನೀರಿತ್ತವ್ವ ಅದ್ರಲ್ಲಿ.”

“ಇತ್ತು ಕನಪ್ಪ. ನಾನೇ ನೋಡಿದ್ದೆ, ಚೊಂಬಲ್ಲಿ ಹುಯ್ತಿದ್ಲು. ಒಳ್ಳೇದ್ ಮಾಡ್ದೆ ಬುಡು” ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಹೆಸರು ದ್ಯಾವಮ್ಮ. ಪ್ರತಿ ತಿಂಗಳೂ ಬಂದು ಮಾತ್ರೆ ತಗೊಂಡು ಹೋಗುತ್ತಾಳಂತೆ. ಮುಗಿಯುತ್ತಾ ಬಂದಿದೆಯಂತೆ. “ಯಾರ್ಗೂ ಅಂಟಲ್ಲ ಅಂತ ಡಾಕ್ಟ್ರಮ್ಮ ಹೇಳವ್ರೆ. ಆದ್ರೂ ನೋಡು, ಈ ಬೆಂಚು ನಂಗೊಬ್ಳಿಗೇ. ಕಾಲ್ ನೀಡ್ಕಂಡ್ ಕೂತ್ಕತೀನಿ.”

ನನ್ನನ್ನು ಒಳಗೆ ಕರೆದಾಗ ಆಕೆ ತನ್ನ ಚೀಲದಿಂದ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಗುಂಡಗಿನ ಪೊಟ್ಟಣ ತೆಗೆದು ಚಾಚಿದಳು. “ತಗ. ನಮ್ ಹಿತ್ಲುದು. ಹೆಂಡ್ತಿ ಕೈಗ್ ಕೊಡು.” ಎಡಗೈಯ ಎರಡು ಬೆರಳ ತುದಿಯಲ್ಲಿ ಅದನ್ನು ಈಸಿಕೊಂಡೆ.

ಡಾಕ್ಟರಮ್ಮ ಹೆಚ್ಚು ಮಾತಾಡಲಿಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಅಲ್ಲಲ್ಲಿ ಸವರಿ, ಗೊತ್ತಾದರೆ ಹೇಳಿ ಎಂದರು. ಮೊಣಕೈಯ ಹಿಂದೆ ನರ ಹುಡುಕಿ ಹಿಸುಕಿದರು. ಬೆರಳುಗಳ ಸಂದಿಗೆ ಒಂದು ಕಾಗದ ಕೊಟ್ಟು ಬಿಗಿಯಾಗಿ ಹಿಡಿಯಲು ಹೇಳಿ ಎಳೆದರು. ಅದು ಬೆಣ್ಣೆಯಲ್ಲಿನ ಕೂದಲಿನಂತೆ ಬಂದುಬಿಟ್ಟಿತು. ಕಿವಿಯ ಹಾಲೆಯಿಂದ ಚೂರು ಕೆರೆದು ಗಾಜಿನ ಮೇಲೆ ಸವರಿಕೊಂಡು, “ಮುಂದಿನ ವಾರ ಬನ್ನಿ, ಅಲ್ಲಿಯವರೆಗೆ ಏನೂ ಊಹೆ ಮಾಡ್ಕೋಬೇಡಿ” ಎಂದರು. ಜೀವಮಾನವೆಲ್ಲ ನಾನು ಬೇರೆಯವರ ಮಾದರಿ ಸೀಸೆಗೆ ತುಂಬಿದ್ದೆ. ಅವತ್ತು ನಾನೇ ಸೀಸೆಗೆ ಹೋದೆ.

ಬಸ್ ಸ್ಟಾಂಡಿನ ಹತ್ತಿರ ಮೋರಿ ಕಂಡಿತು. ದ್ಯಾವಮ್ಮ ಕೊಟ್ಟ ಪೊಟ್ಟಣವನ್ನು ಬಿಚ್ಚಿಯೂ ನೋಡದೆ ಅದಕ್ಕೆಸೆದೆ. ನಲ್ಲಿಯಲ್ಲಿ ಎರಡೆರಡು ಸಲ ಕೈ ತೊಳೆದೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಬರೆಯದೆ ಬಿಟ್ಟರೆ ಇದು ನೀರು ಬೆರೆಸಿದ ಹಾಲಾಗುತ್ತದೆ.

ಆ ವಾರ ಮನೆಯಲ್ಲಿ ನಾನು ಜಗುಲಿಯಲ್ಲಿ ಮಲಗಿದೆ. ಸೆಕೆ ಎಂದೆ. ನನ್ನ ತಟ್ಟೆಯನ್ನು ನಾನೇ ತೊಳೆದು ಬೇರೆ ಇಟ್ಟೆ. ಮಂಜಿ ಕಾಲು ಹಿಡಿದುಕೊಂಡು ಅತ್ತರೂ ಎತ್ತಿಕೊಳ್ಳಲಿಲ್ಲ. ನನ್ನ ಹೆಂಡತಿ ರತ್ನ ಮೂರು ದಿನ ನೋಡಿದಳು. ನಾಲ್ಕನೇ ದಿನ ಸಾಯಂಕಾಲ ಮುದ್ದೆ ತಿರುವುತ್ತ, ಕೋಲಿನಿಂದ ಕಣ್ಣು ಎತ್ತದೆ ಕೇಳಿದಳು.

“ನಾಗಮಂಗ್ಲದ್ ಬಸ್ಸು ಎಷ್ಟೊತ್ಗೆ ಐತೆ?”

“ನಂಗೇನ್ ಗೊತ್ತು.”

“ನಿಮ್ ಅಂಗಿ ಜೇಬಲ್ಲಿ ಟಿಕೀಟ್ ಐತಲ್ಲ, ಅದುಕ್ಕೆ ಕೇಳ್ದೆ.” ಮುದ್ದೆ ಕೋಲು ಪಾತ್ರೆಗೆ ಬಡಿಯಿತು. “ಯಾರವ್ರೆ ಅಲ್ಲಿ? ಹೇಳ್ಬುಡಿ. ನಾನು ಅಳಾಕಿಲ್ಲ. ಮಗಾನ ಎತ್ಕಣಕ್ಕೂ ಬೇಡವಾಗೋಷ್ಟು ಆಗದಲ್ಲ, ಯಾರವ್ಳು?”

ಇವಳೂ ನನ್ನ ಅಜ್ಜಿಯ ಶಿಷ್ಯೆಯೇ ಎಂದು ನನಗೆ ಅವತ್ತು ತಿಳಿಯಿತು. ಆಮೇಲೆ ಎಲ್ಲವನ್ನೂ ಹೇಳಿದೆ. ಜೋಮು, ಟೀ ಲೋಟ, ತೆಂಗಿನ ಚಿಪ್ಪು, ಕಿವಿಯ ಹಾಲೆ. ರೋಗದ ಹೆಸರನ್ನೂ ಹೇಳಿದೆ. ಆಕೆ ಕೇಳುತ್ತ ಕೂತಳು. ಒಲೆಯ ಮೇಲಿನ ಮುದ್ದೆ ಸೀದ ವಾಸನೆ ಬಂತು. ಇಳಿಸಲು ಏಳಲಿಲ್ಲ.

“ಕಾಯ್ಲೆ ತಾನೆ?” ಎಂದಳು ಕೊನೆಗೆ.

“ಊಂ.”

“ಸವತಿ ಅಲ್ವಲ್ಲ.”

“ಅಯ್ಯೋ, ಅಲ್ಲ ಕಣೆ.”

“ಕಾಯ್ಲೆಗಾದ್ರೆ ಮಾತ್ರೆ ಐತೆ” ಎಂದು ಎದ್ದು, ಮಂಜಿಯನ್ನು ತಂದು ನನ್ನ ತೊಡೆಯ ಮೇಲೆ ಕುಕ್ಕಿದಳು. ನಾನು ಬೇಡ ಎಂದರೂ ಕೇಳಲಿಲ್ಲ. ಆಮೇಲೆ ಗೋಡೆಗೆ ಮುಖ ಮಾಡಿ ಸೀದ ಮುದ್ದೆಯನ್ನು ಕೆರೆಯುತ್ತ ಕೂತಳು. ಹೆಗಲು ಅಲ್ಲಾಡುತ್ತಿತ್ತು. ಅಳುವುದಿಲ್ಲ ಎಂದಿದ್ದು ಸವತಿಗೆ ಮಾತ್ರ.

ಮುಂದಿನ ವಾರ ರತ್ನಳೂ ಜೊತೆಗೆ ಬಂದಳು. ಬೆಂಚಿನಲ್ಲಿ ದ್ಯಾವಮ್ಮ ಇರಲಿಲ್ಲ. ಆಕೆ ತಿಂಗಳಿಗೊಮ್ಮೆ ಬರುವವಳು. ನನಗೆ ಹಗುರವಾಯಿತು. ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು.

ಡಾಕ್ಟರಮ್ಮ ಚೀಟಿ ನೋಡಿ, “ನಿಮಗೆ ಆ ಕಾಯಿಲೆ ಇಲ್ಲ” ಎಂದರು.

ನಾನು ಅವರ ಮುಖ ನೋಡಿದೆ. ಬಿಂದಿಗೆ ಹಿಡಿದು ನಿಂತವರ ಮುಖ ನೋಡುವ ಹಾಗೇ ನೋಡಿದೆ. ದೊಡ್ಡ ಕಾಯಿಲೆಯನ್ನು ಡಾಕ್ಟರುಗಳು ರೋಗಿಗೆ ಹೇಳುವುದಿಲ್ಲ, ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ ಎಂದು ಕೇಳಿದ್ದೆ. “ಅಂಗಾದ್ರೆ ಮೇಡಂ, ನಮ್ ಮಗೀಗೂ ಏನೂ ಮಾತ್ರೆ ಕೊಡೋದ್ ಬೇಡ್ವಾ?” ಎಂದು ಪಕ್ಕದಿಂದ ಕೇಳಿದೆ.

“ಏನ್ ಕೆಲಸ ನಿಮ್ಮದು?”

“ಹಾಲು ಚೆಕಿಂಗು.”

“ಅದಕ್ಕೇ ನನ್ನನ್ನೂ ಚೆಕ್ ಮಾಡ್ತಿದ್ದೀರಿ” ಎಂದು ನಕ್ಕರು. ರತ್ನ ನನ್ನ ತೊಡೆ ಚಿವುಟಿದಳು. ಡಾಕ್ಟರಮ್ಮ ನನ್ನ ಬಲಗೈ ತಿರುಗಿಸಿ ಅಂಗೈಯ ಬುಡ ತೋರಿಸಿದರು. “ನೋಡಿ, ಕೈ ಹಿಂಬದಿಗೆ ಹತ್ತಿ ಮುಟ್ಟಿದ್ದು ನಿಮಗೆ ಗೊತ್ತಾಗ್ತಿದೆ. ಅಂಗೈ ಕಡೆ ಮಾತ್ರ ಗೊತ್ತಾಗ್ತಿಲ್ಲ. ಮೊಣಕೈಲಿ ನರ ಸರಿಯಾಗೇ ಇದೆ. ಇಲ್ಲಿ, ಮಣಿಕಟ್ಟಿನ ಹತ್ತಿರ ನರ ಅದುಮಿಹೋಗಿದೆ. ಚರ್ಮ ದಡ್ಡುಗಟ್ಟಿದೆ ನೋಡಿ. ದಿನಾ ಇಲ್ಲೇ ಏನೋ ಒತ್ತುತ್ತಾ ಇದೆ. ಅದೇನು ಅಂತ ನೀವೇ ಹುಡುಕಬೇಕು. ಅದು ನಿಂತರೆ ನರ ನಿಧಾನವಾಗಿ ಏಳುತ್ತೆ. ನಿಲ್ಲದಿದ್ದರೆ ಬೆರಳು ಹೀಗೇ ಉಳಿದುಬಿಡುತ್ತೆ.” ಒಂದು ತಿಂಗಳು ಆ ಕೈಗೆ ವಿಶ್ರಾಂತಿ ಎಂದರು. ಕುಷ್ಠವಲ್ಲ ಎಂದು ಚೀಟಿ ಬರೆದುಕೊಟ್ಟರು.

ಚೀಟಿ ಜೇಬಿನಲ್ಲಿತ್ತು, ನಂಬಿಕೆ ಬಂದಿರಲಿಲ್ಲ. ಒತ್ತುತ್ತಿರುವುದು ಏನು? ಹಾಲಿನ ಜಿಡ್ಡು ನೋಡುವ ಮೆಷೀನಿನ ಹಿಡಿ ಎಂದುಕೊಂಡೆ, ಅದನ್ನು ತಿರುಗಿಸುತ್ತಿದ್ದುದು ಎಡಗೈಯಲ್ಲಿ. ಸೌದೆ ಒಡೆಯುವ ಕೊಡಲಿ ಎಂದಳು ರತ್ನ, ಅದನ್ನು ನಾನು ಮುಟ್ಟಿ ವರ್ಷವಾಗಿತ್ತು. ಏನೂ ಸಿಗದಿದ್ದರೆ ಡಾಕ್ಟರಮ್ಮ ಹೇಳಿದ್ದು ಸುಳ್ಳು, ಹಾಗಾದರೆ ಇದು ಅದೇ. ನನ್ನ ತಲೆ ಓಡಿದ್ದು ಹೀಗೆ. ಒಂದು ತಿಂಗಳು ತುಳಿಯಬಾರದೆಂದ ಮೇಲೆ ಸೈಕಲ್ಲು ಯಾಕೆ, ಮಾರಿಬಿಡೋಣವೆಂದು ಟ್ರಾಕ್ಟರಿನಲ್ಲಿ ಹಾಕಿಕೊಂಡು ಗಂಜಾಂಗೆ ಹೋದೆ.

ರಹಮತ್ ಸಾಬರು ಸೈಕಲ್ಲನ್ನು ಒಂದು ಸುತ್ತು ನೋಡಿದರು. ಹ್ಯಾಂಡಲಿನ ಮುಂದೆ ನಿಂತರು. “ಯಾ ಅಲ್ಲಾ. ಶಿವಣ್ಣ, ನೀನು ಒಂದೇ ಕೈಲಿ ಸವಾರಿ ಮಾಡ್ತೀಯಾ?”

“ಯಾಕ್ ಸಾಬ್ರೇ?”

“ಎಡಗಡೆ ಪಟ್ಟಿ ನೋಡು, ನೆನ್ನೆ ಸುತ್ದಂಗದೆ. ಬಲಗಡೆ ನೋಡು.” ಬಲಗಡೆ, ಕೊಂಬು ಬಾಗುವ ಜಾಗದಲ್ಲಿ, ಪಟ್ಟಿ ಸವೆದು ಚಿಂದಿಯಾಗಿ ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಹೆಬ್ಬೆಟ್ಟಿನಷ್ಟು ಜಾಗ. ಬೇರೆಲ್ಲೂ ಇಲ್ಲ. “ಹತ್ತು ಮೇಲೆ. ಗೋಡೆ ಹಿಡ್ಕೋ. ದಿನಾ ಹೆಂಗ್ ಹೋಗ್ತೀಯೋ ಹಂಗೇ ಕೂತ್ಕೋ. ಚೀಲಾನೂ ಹಾಕು.”

ಕೂತೆ. ಚೀಲ ಹಾಕಿದೆ. ಎಡಗೈ ತಾನಾಗಿ ಚೀಲಕ್ಕೆ ಹೋಯಿತು. ಬಲಗೈ ತಾನಾಗಿ ಹೋಗಿ ಆ ಸವೆದ ಜಾಗದ ಮೇಲೆ ಕೂತಿತು. ಅಂಗೈಯ ದಡ್ಡು ಮತ್ತು ಹ್ಯಾಂಡಲಿನ ಸವೆತ ಒಂದಕ್ಕೊಂದು ಬೀಗ ಕೀಲಿಯಂತೆ ಹೊಂದಿಕೊಂಡವು. ನಾನು ಇಳಿಯಲಿಲ್ಲ. ಅಲ್ಲೇ ಕೂತು, ಮುಖ ಹ್ಯಾಂಡಲಿಗೆ ಬಗ್ಗಿಸಿಕೊಂಡು ಅತ್ತುಬಿಟ್ಟೆ. ಸಾಬರಿಗೆ ಏನೂ ತಿಳಿಯಲಿಲ್ಲ. “ಅರೆ, ಪಟ್ಟಿ ಸವೆದಿದ್ದಕ್ಕೆ ಯಾರಾದ್ರೂ ಅಳ್ತಾರಾ? ಬೇರೆ ಸುತ್ತೋಣ ಇಳಿ” ಎಂದು ಬೆನ್ನು ತಟ್ಟಿದರು.

ಎಲ್ಲ ಹೇಳಿದೆ. ಕೊನೆಗೆ ಅವತ್ತು ಅವರ ಮೇಲೆ ಬಂದ ಅನುಮಾನವನ್ನೂ ಹೇಳಿದೆ. ಸಾಬರು ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದರು. ಆ ಅಗಲದ ಹ್ಯಾಂಡಲು ಅದೇ ಮೊಳೆಯಲ್ಲಿ ಇನ್ನೂ ನೇತಾಡುತ್ತಿತ್ತು. “ನಿನ್ನಂಗೇ ಎಲ್ರೂ ತುಕ್ಕು ನೋಡಿ ಅನುಮಾನ ಪಡ್ತಾರೆ.”

ಅವರು ಅದನ್ನು ಉಜ್ಜಿ ಹಾಕಿದರು. ನನ್ನ ಭುಜಕ್ಕೆ ಸರಿಯಾಗಿ ಕೂತಿತು. ಹ್ಯಾಂಡಲು ಕೂರುವ ಕಾಂಡವನ್ನು ಮೇಲಕ್ಕೆತ್ತಿ ಸೀಟಿನ ಮಟ್ಟಕ್ಕೆ ತಂದರು, ಬ್ರೇಕಿನ ಹಿಡಿ ನೆಲ ನೋಡದ ಹಾಗೆ ಕೊಂಬನ್ನು ಕೊಂಚ ತಿರುಗಿಸಿದರು. ಹಳೇ ಟ್ಯೂಬು ಸೀಳಿ ಒಂದು ಸುತ್ತು, ಅದರ ಮೇಲೆ ದಪ್ಪ ಬಟ್ಟೆ ಒಂದು ಸುತ್ತು. ನಾನೂ ಬ್ರೇಕಿನ ತಂತಿ ಬಿಗಿಯಲು ಕೈ ಹಾಕಿದೆ. ಆಮೇಲೆ ನನ್ನ ಕೈ ಹಿಡಿದು ಹೇಳಿಕೊಟ್ಟರು.

“ಈ ಹ್ಯಾಂಡ್ಲಲ್ಲಿ ಮೂರು ಮನೆ ಅದೆ. ದಿಬ್ಬ ಹತ್ತೋವಾಗ ಇಲ್ಲಿ, ಮೇಲಿನ ಅಡ್ಡಕಂಬಿ. ಸಾದಾ ದಾರೀಲಿ ಇಲ್ಲಿ, ಬ್ರೇಕ್ ಹತ್ರ. ಎದುರು ಗಾಳಿ ಇದ್ರೆ ಮಾತ್ರ ಕೆಳಗಿನ ಕೊಂಬು, ಅದೂ ಸ್ವಲ್ಪ ಹೊತ್ತು. ನೀನು ಮೂರು ಮನೆ ಬಿಟ್ಟು ಹೊಸಲ ಮೇಲೆ ಕೂತಿದ್ದೆ. ಕಿಲೋಮೀಟ್ರು ಕಲ್ಲು ಬಂದಾಗೆಲ್ಲ ಮನೆ ಬದ್ಲಾಯ್ಸು. ಮಣಿಕಟ್ಟು ಮುರೀಬೇಡ, ನೆಟ್ಟಗಿರ್ಲಿ. ಮೊಣಕೈ ಸಡ್ಲ ಬಿಡು. ಕೋಳಿಮರಿ ಹಿಡ್ದಂಗ್ ಹಿಡಿ, ಕಳ್ಳನ್ನ ಹಿಡ್ದಂಗಲ್ಲ.”

ನನಗೆ ಕಳ್ಳನನ್ನು ಹಿಡಿಯುವುದೇ ಅಭ್ಯಾಸವಾಗಿತ್ತು.

ಸೀಸೆಯ ಚೀಲದ ಸಮಸ್ಯೆ ಉಳಿಯಿತು. ಅದನ್ನು ಬಿಡಿಸಿದ್ದು ರತ್ನ. ಹೆಂಗಸರು ತಲೆಯ ಮೇಲೆ ಬಿಂದಿಗೆ ಇಡುವ ಮೊದಲು ಬಟ್ಟೆ ಸುತ್ತಿ ಸಿಂಬಿ ಮಾಡಿಕೊಳ್ಳುತ್ತಾರಲ್ಲ, ಹಾಗೆ ಹಳೇ ಸೀರೆ, ಭತ್ತದ ಹುಲ್ಲು ಸೇರಿಸಿ ಕ್ಯಾರಿಯರಿಗೆ ತಕ್ಕಂತೆ ದೊಡ್ಡ ಸಿಂಬಿ ಹೊಸೆದಳು. ಅದರ ನಡುವೆ ಸೀಸೆಗಳನ್ನು ಕಂಠದವರೆಗೆ ತುಂಬಿ ಇಡಿ ಎಂದಳು. “ತುಂಬಿದ್ ಬಿಂದ್ಗೆ ಕುಲುಕಾಕಿಲ್ಲ, ಅದ್ ಗೊತ್ತಿಲ್ವಾ ನಿಮ್ಮ ಡೇರಿಯೋರ್ಗೆ?” ಎಂದಳು. ಗೊತ್ತಿರಲಿಲ್ಲ. ನಾವ್ಯಾರೂ ತಲೆಯ ಮೇಲೆ ನೀರು ಹೊತ್ತವರಲ್ಲ.

ತಿಂಗಳು ಕಳೆದು ಚೀಟಿ ತೋರಿಸಿದಾಗ ನಿಂಗಣ್ಣ ಅದನ್ನು ಎರಡು ಸಲ ಓದಿ, ಬೆಳಕಿಗೆ ಹಿಡಿದು ನೋಡಿ, ಮೊಹರು ಉಜ್ಜಿ ನೋಡಿ, ಆಮೇಲೆ ಟೀ ತರಿಸಿದ. ಗಾಜಿನ ಲೋಟದಲ್ಲಿ. ನಾನು ಎಡಗೈಯಲ್ಲಿ ಹಿಡಿದೆ. ಬಲಗೈಯ ಕಿರುಬೆರಳು ಇನ್ನೂ ಮಡಿಸಿಕೊಂಡೇ ಇತ್ತು, ಇನ್ನೂ ಮರದಂತೆ. ಡಾಕ್ಟರಮ್ಮ ನಿಧಾನವಾಗಿ ಏಳುತ್ತದೆ ಎಂದಿದ್ದರು. ಎಷ್ಟು ನಿಧಾನ ಎಂದು ಹೇಳಿರಲಿಲ್ಲ. ಒಳಗೊಳಗೇ ಆ ಹುಳ ಕೊರೆಯುತ್ತಲೇ ಇತ್ತು. ಚೀಟಿಯಲ್ಲಿ ಇಲ್ಲ ಎಂದಿದೆ, ಬೆರಳಿನಲ್ಲಿ ಹೌದು ಎಂದಿದೆ, ಯಾವುದನ್ನು ನಂಬುವುದು?

ಮತ್ತೊಮ್ಮೆ ತೋರಿಸಲು ಎರಡನೇ ತಿಂಗಳು ನಾಗಮಂಗಲಕ್ಕೆ ಸೈಕಲ್ಲಿನಲ್ಲೇ ಹೋದೆ. ತಲೆಗೆ ಟವೆಲ್ಲಿರಲಿಲ್ಲ. ಕಲ್ಲು ಬಂದಾಗೆಲ್ಲ ಮನೆ ಬದಲಾಯಿಸಿದೆ. ಓಣಿಯ ಕೊನೆಯ ಬೆಂಚಿನಲ್ಲಿ ದ್ಯಾವಮ್ಮ ಕಾಲು ನೀಡಿ ಕೂತಿದ್ದಳು. ಈ ಸಲ ಅವಳ ಪಕ್ಕದಲ್ಲೇ ಕೂತೆ. ಪೂರ್ತಿ ಕೂತೆ.

“ಬಂದ್ಯಾಪ್ಪ. ಏನಂದ್ರು?”

“ಅದಲ್ವಂತೆ ಕಣವ್ವ. ಸೈಕಲ್ ಹ್ಯಾಂಡ್ಲು ಒತ್ತಿ ನರ ಸತ್ತದಂತೆ.”

“ಒಳ್ಳೇದಾಯ್ತು” ಎಂದಳು. ಹೊಟ್ಟೆಯಿಂದ ಬಂದ ಮಾತು. ಆಮೇಲೆ, “ಮಗ ಐತಾ ನಿಂಗೆ?” ಎಂದಳು.

“ಐತೆ. ಹೆಣ್ಮಗ. ಎರಡ್ ವರ್ಷ.”

“ಅವತ್ತು ಕೊಟ್ಟಿದ್ನಲ್ಲ, ಮಗ ತಿಂತಾ?”

“ತಿಂದ್ಲು ಕಣವ್ವ, ಚಪ್ಪರಿಸ್ಕಂಡ್ ತಿಂದ್ಲು. ಒಳ್ಳೇ ಸಿಹಿ ಇತ್ತು” ಎಂದೆ. ಹೇಳಿದ ಮೇಲೆ ಒಳ್ಳೆಯ ಸುಳ್ಳು ಹೇಳಿದೆ ಎಂದು ಸಮಾಧಾನವೂ ಆಯಿತು.

ದ್ಯಾವಮ್ಮ ನನ್ನನ್ನೇ ನೋಡಿದಳು. ಆಮೇಲೆ ಬೊಚ್ಚುಬಾಯಿಯಲ್ಲಿ ನಗು ತುಂಬಿಕೊಂಡಿತು. “ಎರಡ್ ವರ್ಷದ್ ಮಗ ಹೇರಳೆಕಾಯ ಚಪ್ಪರಿಸ್ಕಂಡ್ ತಿಂತೇನ್ಲಾ? ಉಪ್ಪಿನ್ಕಾಯಿ ಹಾಕ್ಲಿ ಅಂತ ತಾನೆ ಹೆಂಡ್ತಿ ಕೈಗ್ ಕೊಡು ಅಂದಿದ್ದು?”

ನನ್ನ ಕಿವಿ ಬಿಸಿಯಾಯಿತು. ಊರೂರು ಸುತ್ತಿ ಬಿಂದಿಗೆ ಹಿಡಿದವರ ಬಾಯಿ ಬಿಡಿಸಿದವನು, ಮರದ ಬೆಂಚಿನ ಮೇಲೆ ಸಿಕ್ಕಿಬಿದ್ದಿದ್ದೆ.

“ಎಲ್ ಎಸುದ್ಬುಟ್ಟೆ?”

“ಬಸ್ ಸ್ಟಾಂಡ್ ತಾವ, ಮೋರಿಗೆ.”

“ನಂಟ್ರೂ ಎಸೀತಾರೆ ಬುಡು. ಅವ್ರು ಕೇಳುದ್ರೂ ಹೇಳಾಕಿಲ್ಲ. ನೀನ್ ಹೇಳ್ದೆ” ಎಂದು ಚೀಲದೊಳಕ್ಕೆ ಕೈ ಹಾಕಿ ಇನ್ನೊಂದು ತೆಗೆದಳು. ಈ ಸಲ ಪೇಪರು ಸುತ್ತಿರಲಿಲ್ಲ. ಹಳದಿಗೆ ತಿರುಗಿದ, ಮೈಯೆಲ್ಲ ಒರಟಾದ ಹೇರಳೆಕಾಯಿ. ಕೊಡಲೋ ಬೇಡವೋ ಎಂದು ಅರ್ಧ ಬೆರಳುಗಳ ಮೇಲೆ ಅದನ್ನು ಆಡಿಸುತ್ತ ಕೂತಳು.

ನಾನು ಅದನ್ನು ಅವಳ ಕೈಯಿಂದ ತಗೊಂಡೆ. ಬಲಗೈಯಲ್ಲಿ ತಗೊಂಡೆ. ಹೆಬ್ಬೆರಳು ಊರಿ ಸಿಪ್ಪೆ ಬಿಡಿಸಿ, ಒಂದು ತೊಳೆ ಕಿತ್ತು ಬಾಯಿಗೆ ಹಾಕಿಕೊಂಡೆ. ಮುಖವೆಲ್ಲ ಮುದುಡಿ ಕಣ್ಣಲ್ಲಿ ನೀರು ಬಂತು.

“ಲೇ ಲೇ, ಉಪ್ಪಿಲ್ದೆ ತಿನ್ಬ್ಯಾಡ್ಲಾ, ಹಲ್ಲು ಚಳಿ ಹಿಡೀತವೆ” ಎಂದು ದ್ಯಾವಮ್ಮ ನನ್ನ ತೋಳು ಹಿಡಿದುಕೊಂಡಳು. ನಾನು ಇನ್ನೊಂದು ತೊಳೆ ಕಿತ್ತೆ. ರಸ ಅಂಗೈಯಲ್ಲಿ ಇಳಿದು ಮಡಿಸಿದ ಕಿರುಬೆರಳಿನ ಸಂದಿಗೆ ಹೋಯಿತು. ಯಾವಾಗಲೋ ಸೈಕಲ್ಲಿನ ತಂತಿ ತರಚಿ ಅಲ್ಲೊಂದು ಗಾಯವಾಗಿತ್ತು, ನನಗೆ ಗೊತ್ತಿರಲಿಲ್ಲ. ಎಲ್ಲೋ ದೂರದಲ್ಲಿ, ಪಕ್ಕದ ಮನೆಯಲ್ಲಿ ಯಾರೋ ಕೂಗಿದ ಹಾಗೆ, ಒಂದು ಸಣ್ಣ ಉರಿ ಎದ್ದಿತು. ತಿನ್ನುವುದನ್ನು ನಿಲ್ಲಿಸಿ ಬೆರಳನ್ನೇ ನೋಡಿದೆ.

“ಏನ್ಲಾ?” ಎಂದಳು ಮುದುಕಿ. “ಉರೀತಾ?”

“ಉರೀತದೆ ಕಣವ್ವ.”

“ಉರೀಲಿ ಬುಡು” ಎಂದಳು ದ್ಯಾವಮ್ಮ. ಆಮೇಲೆ ತಾನೂ ಒಂದು ತೊಳೆ ಕಿತ್ತುಕೊಂಡಳು.